ನಡುಪಂಕ್ತಿಯ ಆಟಗಾರ

ಶಂಕರಪುರದ ಬೀದಿಯಲ್ಲಿ ಆಡುವ ಹುಡುಗರನ್ನು ನಿಲ್ಲಿಸಿ, ನಮ್ಮ ಊರಿನ ದೊಡ್ಡ ಆಟಗಾರರು ಯಾರೆಂದು ಕೇಳಿ ನೋಡಿ. ಕ್ರಿಕೆಟ್ಟಿನ ಹೆಸರುಗಳೇ ಪಟಪಟನೆ ಉದುರುತ್ತವೆ. ಇದೇ ಬೆಂಗಳೂರಿನ ಆಸ್ಟಿನ್ ಟೌನಿನಲ್ಲಿ ಮಾತು ಬೇರೆ. ಅಲ್ಲಿ ಫುಟ್‌ಬಾಲ್. 1971ರಲ್ಲಿ ಹುಟ್ಟಿದ ಕಾರ್ಲ್‌ಟನ್ ಚಾಪ್ಮನ್ ಆ ಬಡಾವಣೆಯವರು.

ಅವರು ಆಡುತ್ತಿದ್ದುದು ನಡುಪಂಕ್ತಿಯಲ್ಲಿ. ಎದುರಾಳಿಯಿಂದ ಚೆಂಡನ್ನು ಕಸಿದು ಮುಂದಿನವರಿಗೆ ಒದಗಿಸುವುದು ಅಲ್ಲಿಯ ಕೆಲಸ. ಮರುದಿನದ ಪತ್ರಿಕೆಯಲ್ಲಿ ಬರುವುದು ಗೋಲು ಹೊಡೆದವನ ಹೆಸರು, ಒದಗಿಸಿದವನದಲ್ಲ. ಆದರೂ 1993ರಲ್ಲಿ ಈಸ್ಟ್ ಬೆಂಗಾಲ್ ತಂಡಕ್ಕಾಗಿ ಇರಾಕಿನ ಅಲ್ ಜವ್ರಾದ ಮೇಲೆ ಇವರೇ ಮೂರು ಗೋಲು ಹೊಡೆದರು, ಪಂದ್ಯ 6–2! ಮುಂದೆ ಪಂಜಾಬಿನ ಜೆ.ಸಿ.ಟಿ. ಸೇರಿದರು, ಮೊದಲ ರಾಷ್ಟ್ರೀಯ ಲೀಗು, ಅಂದರೆ 1996–97ರದು, ಆ ತಂಡದ ಪಾಲಾಯಿತು. 2001ರಲ್ಲಿ ಇವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ಅದೇ ಲೀಗನ್ನು ಗೆದ್ದಿತು. ಆ ವರ್ಷವೇ ಆಟ ನಿಲ್ಲಿಸಿದರು.

ನನಗೆ ಹೆಚ್ಚು ಮೆಚ್ಚಿಗೆಯಾಗುವುದು ಆಮೇಲಿನ ಬಾಳು. ತಾವು ಕಲಿತ ಜಮ್ಷೆಡ್‌ಪುರದ ಟಾಟಾ ಅಕಾಡೆಮಿಯ ಹುಡುಗರಿಗೇ ಮೊದಲು ಪಾಠ ಹೇಳಿದರು. ಅನಂತರ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ, ಕಲ್ಕತ್ತೆಯ ಭವಾನಿಪುರ, ದೆಹಲಿಯ ಸುದೇವ, ಕೊನೆಗೆ ಕೋಳಿಕ್ಕೋಡಿನ ಕ್ವಾರ್ಟ್ಸ್. ಇವುಗಳಲ್ಲಿ ಎಷ್ಟು ಹೆಸರು ನೀವು ಕೇಳಿದ್ದೀರಿ? ದೇಶದ ಪರವಾಗಿ ಆಡಿದವರು, ದೊಡ್ಡ ಮೈದಾನಗಳ ಕೂಗು ಕೇಳಿದವರು, ಸಣ್ಣ ತಂಡಗಳ ಹುಡುಗರಿಗಾಗಿ ಊರಿಂದೂರಿಗೆ ಹೋದರು. ತರಬೇತಿಯೂ ನಡುಪಂಕ್ತಿಯ ಕೆಲಸವೇ ತಾನೆ. ಚೆಂಡು ಒದಗಿಸಿಕೊಟ್ಟು ಹಿಂದೆ ನಿಲ್ಲಬೇಕು.

2020ರ ಅಕ್ಟೋಬರ್ 12ರಂದು, 49ನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು.