ಕಿವಿಗೊಪ್ಪುವ ಸಿ.ಡಿ. ಪ್ಲೇಯರ್

ಇಂದು ನಾನು ಆಡಲಿರುವ ಮಾತು ನೇರವಾಗಿ ಸಾಹಿತ್ಯಕ್ಕೆ ಸೇರಿದುದಲ್ಲ. ಸಾಹಿತ್ಯವನ್ನೂ ಸಂಗೀತವನ್ನೂ ಕಿವಿಯಿಂದ ಸವಿಯುವವರಿಗೆ ಸೇರಿದುದು. ಹೆಡ್‌ಫೋನ್ ಧರಿಸಿ ಸಿ.ಡಿ. ಕೇಳುವವರು ಎಂತಹ ಪ್ಲೇಯರನ್ನು ಆರಿಸಿಕೊಳ್ಳಬೇಕು ಎಂಬುದೇ ಆ ಮಾತು. ಎಲ್ಲವೂ ಫೋನಿನಲ್ಲಿ ಕೇಳಸಿಗುವ ಈ ಕಾಲದಲ್ಲಿ ಸಿ.ಡಿ.ಯ ಗೊಡವೆ ಏತಕ್ಕೆ ಎಂದು ಕಿರಿಯರು ಕೇಳಬಹುದು. ನನಗೆ ಬೇಕಾದುದು ಅಲ್ಲಿ ಸಿಕ್ಕುವುದಿಲ್ಲ ಎಂಬುದಷ್ಟೆ ನನ್ನ ಉತ್ತರ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ಸಹೋದ್ಯೋಗಿಯೊಬ್ಬರು ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಕುಮಾರವ್ಯಾಸ ಭಾರತದ ಉದ್ಯೋಗಪರ್ವದ ಒಂದು ಭಾಗವನ್ನು ವಾಚಿಸಿದರು. ವಿದ್ಯಾರ್ಥಿಯೊಬ್ಬ ಅದನ್ನು ಮುದ್ರಿಸಿ ಸಿ.ಡಿ.ಗೆ ಇಳಿಸಿಕೊಟ್ಟ. ವಾಚಕರು ಈಗಿಲ್ಲ, ಅವರ ಕಂಠ ಉಳಿದಿರುವುದು ಆ ಒಂದು ತಟ್ಟೆಯಲ್ಲಿ. ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸಿದ ಮೇಲೆ ಅವರು ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಕರ್ಣನ ಉತ್ತರವೆಲ್ಲ ಆ ಮೌನದಲ್ಲಿಯೇ ಇದೆ ಎಂದು ನನಗೆ ಯಾವಾಗಲೂ ಅನ್ನಿಸಿದೆ. ರಾತ್ರಿ ಮನೆಯವರ ನಿದ್ದೆ ಕೆಡಿಸದೆ ಅದನ್ನು ಕೇಳಬೇಕಾದರೆ ಹೆಡ್‌ಫೋನೇ ಗತಿ.

ನನ್ನ ಹಳೆಯ ಪ್ಲೇಯರು ಕೆಟ್ಟಾಗ ಅಂಗಡಿಗೆ ಹೋಗಿ ಎರಡು ಯಂತ್ರಗಳನ್ನು ಕೇಳಿನೋಡಿದೆ. ಎರಡನೆಯದು ಹೆಚ್ಚು ತುಂಬಿಕೊಂಡಂತೆ, ಹೆಚ್ಚು ಜೀವಂತವಾದಂತೆ ಕೇಳಿಸಿತು. ಬೆಲೆಯೂ ಹೆಚ್ಚಾಗಿದ್ದುದರಿಂದ ನನ್ನ ತೀರ್ಮಾನ ಮತ್ತಷ್ಟು ಗಟ್ಟಿಯಾಯಿತು. ಮನೆಗೆ ತಂದು ನನ್ನ ಮಿತ್ರರ ವಾಚನವನ್ನು ಹಾಕಿದರೆ ಕಂಠ ಗುಡಾಣದೊಳಗಿಂದ ಬಂದಂತಿತ್ತು. ಆ ಮೌನದ ಗಳಿಗೆಯಲ್ಲಿ 'ಶ್ಶ್' ಎಂಬ ಸದ್ದು ತುಂಬಿಕೊಂಡಿತ್ತು.

ಭೌತಶಾಸ್ತ್ರದ ಮಿತ್ರರೊಬ್ಬರು ನನ್ನ ತಪ್ಪನ್ನು ಬಿಡಿಸಿ ಹೇಳಿದರು. ಅವರಿಂದ ಕಲಿತುದನ್ನೂ ಅನಂತರ ನಾನೇ ಓದಿ ತಿಳಿದುದನ್ನೂ ನಿಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ ಸಿ.ಡಿ.ಯ ಸ್ವರೂಪ. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ ರೂಪಿಸಿದ ಈ 12 ಸೆಂಟಿಮೀಟರಿನ ತಟ್ಟೆ 1982ರಲ್ಲಿ ಮಾರುಕಟ್ಟೆಗೆ ಬಂದಿತು. ಎಡಗಿವಿಗೊಂದು ಬಲಗಿವಿಗೊಂದು ಎಂಬಂತೆ ಎರಡು ಧ್ವನಿಪಥಗಳು ಇದರಲ್ಲಿವೆ. ಪ್ರತಿಯೊಂದರಲ್ಲಿಯೂ ಶಬ್ದತರಂಗವನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳ ಅಂಕಿಯಾಗಿ ಬರೆದಿರುತ್ತಾರೆ. ಅಂಕಿಗಳನ್ನು ಲೇಸರ್ ಕಿರಣ ಓದುತ್ತದೆ. ಪರಿವರ್ತಕವೊಂದು ಅವನ್ನು ಮತ್ತೆ ತರಂಗವಾಗಿಸುತ್ತದೆ. ಈ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ನಾದವೆಲ್ಲ ತಟ್ಟೆಯಲ್ಲಿ ಅಡಗುತ್ತದೆ. ಅಷ್ಟು ಎತ್ತರದ ನಾದ ಎಳೆಯ ಕಿವಿಗೆ ಮಾತ್ರ ಕೇಳಿಸುವಂಥದು. ನನ್ನ ವಯಸ್ಸಿನವರು ಆ ಎತ್ತರವನ್ನು ಕಳೆದುಕೊಂಡು ಬಹಳ ಕಾಲವಾಗಿರುತ್ತದೆ. ಅಂಕಿಯನ್ನು ನಾದವಾಗಿಸುವ ಕೆಲಸವನ್ನು ಇಂದು ಸಾಮಾನ್ಯ ಬೆಲೆಯ ಯಂತ್ರವೂ ಚೆನ್ನಾಗಿಯೇ ಮಾಡುತ್ತದೆ. ಬಿಟ್‌ಗಳ ಸಂಖ್ಯೆಯನ್ನು ಹೊಗಳುವ ಜಾಹೀರಾತುಗಳಿಗೆ ಮರುಳಾಗಬೇಕಾದ ಅಗತ್ಯವಿಲ್ಲ.

ಹಾಗಾದರೆ ಯಂತ್ರಯಂತ್ರಗಳ ನಡುವೆ ಅಂತರ ಎಲ್ಲಿ? ಹೆಡ್‌ಫೋನ್ ಕೇಳುಗರ ಮಟ್ಟಿಗೆ, ತಂತಿಯನ್ನು ಚುಚ್ಚುವ ಆ ಸಣ್ಣ ತೂತಿನ ಹಿಂದೆ. ಅಲ್ಲಿ ಕಿವಿಗೆ ಬೇಕಾದ ಶಕ್ತಿಯನ್ನು ಒದಗಿಸುವ ಒಂದು ಸಣ್ಣ ವರ್ಧಕವಿರುತ್ತದೆ. ತಯಾರಕರು ಹಲವೊಮ್ಮೆ ಕಾಟಾಚಾರಕ್ಕೆ ಕೂರಿಸುವ ಭಾಗವೂ ಇದೇ. ಅದು ಒಡ್ಡುವ ವಿದ್ಯುತ್ ತಡೆ, ಅಂದರೆ ಇಂಪೀಡೆನ್ಸ್, ಹೆಡ್‌ಫೋನಿನ ತಡೆಯ ಎಂಟನೆಯ ಒಂದು ಭಾಗವನ್ನು ಮೀರದಿದ್ದರೆ ಒಳ್ಳೆಯದು ಎಂಬುದು ತಿಳಿದವರ ಸೂತ್ರ. ಹೆಡ್‌ಫೋನು 32 ಓಮಿನದಾದರೆ ಯಂತ್ರದ್ದು 4 ಓಮಿನೊಳಗಿರಬೇಕು. ನಾನು ಕೊಂಡ ಯಂತ್ರದ ಕೈಪಿಡಿಯನ್ನು ತೆರೆದುನೋಡಿದರೆ ಅಲ್ಲಿ 100 ಓಮ್ ಎಂದಿತ್ತು! ಸಾಮಾನ್ಯ ಹೆಡ್‌ಫೋನುಗಳ ತಡೆ ಮಂದ್ರ ಸ್ವರಗಳ ಒಂದೆಡೆ ಏರುತ್ತದೆ. ಯಂತ್ರದ ತಡೆಯೂ ಹೆಚ್ಚಾಗಿದ್ದರೆ ಆ ಸ್ವರಗಳು ಉಬ್ಬಿ ಕೇಳಿಸುತ್ತವೆ. ಗುಡಾಣದ ಗುಟ್ಟು ಇದು. ಅದಕ್ಕೆ ವಿರುದ್ಧವಾಗಿ, 300 ಓಮಿನ ಹೆಡ್‌ಫೋನು ಈ ವಿಷಯದಲ್ಲಿ ಅಷ್ಟು ತಕರಾರು ಮಾಡುವುದಿಲ್ಲ. ಆದರೆ ಅದಕ್ಕೆ ಹೆಚ್ಚಿನ ವೋಲ್ಟೇಜು ಬೇಕು, ಬ್ಯಾಟರಿಯ ಸಣ್ಣ ಯಂತ್ರಗಳಲ್ಲಿ ಅದು ಪಿಸುಗುಟ್ಟೀತು. ಆದುದರಿಂದ ಹೆಡ್‌ಫೋನನ್ನು ಮೊದಲು ನಿಶ್ಚಯಿಸಿ, ಅನಂತರ ಅದಕ್ಕೊಪ್ಪುವ ಯಂತ್ರವನ್ನು ಹುಡುಕುವುದೇ ಸರಿಯಾದ ಕ್ರಮ.

ಅಂಗಡಿಯಲ್ಲಿ ನನ್ನ ಕಿವಿ ಮೋಸಹೋದುದೇಕೆ? ಎರಡನೆಯ ಯಂತ್ರದ ಧ್ವನಿ ತುಸು ದೊಡ್ಡದಾಗಿತ್ತು, ಅಷ್ಟೆ. ಎರಡು ಧ್ವನಿಗಳಲ್ಲಿ ಕೊಂಚ ದೊಡ್ಡದಾದುದನ್ನು ಮನಸ್ಸು 'ಉತ್ತಮ' ಎಂದು ಭ್ರಮಿಸುತ್ತದೆ. ಹೋಲಿಸುವಾಗ ಎರಡರ ಧ್ವನಿಯನ್ನೂ ಸಮಮಾಡಬೇಕು. ಯಾವುದು ಯಾವುದೆಂದು ತಿಳಿಯದಂತೆ ಬೇರೊಬ್ಬರು ಬದಲಾಯಿಸುತ್ತಿರಬೇಕು. ಬೆಲೆಯ ಚೀಟಿಯನ್ನು ನೋಡಿದ ಕಣ್ಣು ಕಿವಿಯ ತೀರ್ಪನ್ನು ತಿದ್ದಿಬಿಡುತ್ತದೆ.

ಪರೀಕ್ಷೆಗೆ ನಿಮ್ಮದೇ ತಟ್ಟೆಗಳನ್ನು ಒಯ್ಯಿರಿ. ತಂಬೂರಿಯ ಶ್ರುತಿಯಿಂದ ಆರಂಭವಾಗುವ ಒಂದು ಕಚೇರಿ ಇರಲಿ. ತಂತಿ ಮೀಟಿದ ಮೇಲೆ ನಾದ ಹೇಗೆ ಕರಗುತ್ತದೆ ಎಂಬುದನ್ನು ಗಮನಿಸಿರಿ. ಹಾಡು ಹಾಡಿನ ನಡುವಣ ಬಿಡುವಿನಲ್ಲಿ ಯಂತ್ರದ ಸ್ವಂತ ಸದ್ದು ಬಯಲಾಗುತ್ತದೆ. ತಟ್ಟೆಯನ್ನು ಲೇಸರ್ ಒಳಗಿನಿಂದ ಹೊರಕ್ಕೆ ಓದುವುದರಿಂದ ಕೊನೆಯ ಹಾಡನ್ನೂ ಹಾಕಿನೋಡಿರಿ. ಅಂಚಿನಲ್ಲಿ ತೊದಲುವ ಯಂತ್ರ ಬೇಡ. ಮನೆಯಲ್ಲಿ ಮುದ್ರಿಸಿದ ಸಿ.ಡಿ.-ಆರ್ ತಟ್ಟೆಗಳನ್ನು ಅದು ಓದುತ್ತದೆಯೇ ಎಂಬುದನ್ನು ಮರೆಯದೆ ನೋಡಿರಿ. ಜೋಳಿಗೆಯಲ್ಲಿ ಒಯ್ಯುವ ಪುಟ್ಟ ಯಂತ್ರಗಳಲ್ಲಿ ಕುಲುಕಿದರೂ ಹಾಡು ನಿಲ್ಲದಂತೆ ಒಂದು ಸ್ಮೃತಿಕೋಶವಿರುತ್ತದೆ. ಕೆಲವು ಮಾದರಿಗಳು ಅದಕ್ಕಾಗಿ ಧ್ವನಿಯನ್ನು ಅಡಕಮಾಡಿ ಒಂದಿಷ್ಟನ್ನು ಬಿಟ್ಟುಬಿಡುತ್ತವೆ. ಮೇಜಿನ ಮೇಲಿಟ್ಟು ಕೇಳುವಾಗ ಆ ಸೌಕರ್ಯವನ್ನು ಆರಿಸಿಡುವುದು ಮೇಲು.

ನನ್ನ ಯಂತ್ರವನ್ನು ನಾನು ಎಸೆಯಲಿಲ್ಲ. ಅದರ ಹಿಂಬದಿಯಲ್ಲಿ ವರ್ಧಕಕ್ಕೆ ಜೋಡಿಸುವ 'ಲೈನ್ ಔಟ್' ಇತ್ತು. ಮಿತ್ರರ ಸಲಹೆಯಂತೆ ಅಂಗೈಯಗಲದ ಒಂದು ಹೆಡ್‌ಫೋನ್ ವರ್ಧಕವನ್ನು ತಂದು ಅಲ್ಲಿಗೆ ಜೋಡಿಸಿದೆ. ಪ್ಲೇಯರಿನ ಬೆಲೆಯ ಒಂದಂಶವೂ ಅದಕ್ಕೆ ತಗಲಲಿಲ್ಲ. ಆ ರಾತ್ರಿ ಉದ್ಯೋಗಪರ್ವವನ್ನು ಮತ್ತೆ ಕೇಳಿದೆ. ಕೃಷ್ಣನ ಮಾತು ಮುಗಿಯಿತು, ವಾಚಕರು ಸುಮ್ಮನಾದರು. ಆ ಮೌನದಲ್ಲಿ ನಮ್ಮ ಹಳೆಯ ಗೋಡೆ ಗಡಿಯಾರದ ಸದ್ದು ಕೇಳಿಸಿತು. ಆಮೇಲೆ ಅವರು ಉಸಿರೆಳೆದುಕೊಂಡುದು.

ಕೊನೆಯದಾಗಿ ಎರಡು ಎಚ್ಚರಿಕೆಗಳು. ಕಿವಿ ಒಮ್ಮೆ ಕೆಟ್ಟರೆ ಅದಕ್ಕೊಪ್ಪುವ ಯಂತ್ರ ಯಾವ ಅಂಗಡಿಯಲ್ಲಿಯೂ ಇಲ್ಲ. 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ, ಇದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿರುವ ಮಿತಿ. ಧ್ವನಿ ಏರಿದಂತೆ ಅವಧಿ ಬಹು ಬೇಗ ಕಿರಿದಾಗುತ್ತದೆ. ಎರಡನೆಯದು, ಸಿ.ಡಿ.-ಆರ್ ತಟ್ಟೆಯಲ್ಲಿ ಧ್ವನಿ ನಿಂತಿರುವುದು ತೆಳುವಾದೊಂದು ಬಣ್ಣದ ಲೇಪದಲ್ಲಿ. ಬಿಸಿಲು, ಸೆಕೆಗಳಿಗೆ ಅದು ಮಾಸುತ್ತದೆ. ಪ್ರಿಯರಾದವರ ಕಂಠ ನಿಮ್ಮಲ್ಲಿದ್ದರೆ, ಪ್ಲೇಯರನ್ನು ಹುಡುಕಲು ಹೊರಡುವ ಮೊದಲು ಅದರ ಪ್ರತಿಯೊಂದನ್ನು ಕಂಪ್ಯೂಟರಿನಲ್ಲಿ ಇಳಿಸಿಡಿರಿ. ನಾನು ಅದನ್ನು ಮಾಡಿದುದು ತೀರ ಈಚೆಗೆ. ಇಷ್ಟು ವರ್ಷ ಆ ಒಂದೇ ತಟ್ಟೆಯನ್ನು ನೆಚ್ಚಿಕೊಂಡು ನೆಮ್ಮದಿಯಿಂದ ಮಲಗಿದ್ದೆನಲ್ಲ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.