ಸಿಮೆಂಟಿನ ಸ್ಪ್ರಿಂಗ್

ಸಿಮೆಂಟಿನಿಂದ ಸ್ಪ್ರಿಂಗ್ ಮಾಡಬಹುದು ಎಂದರೆ ಯಾವ ಮೇಸ್ತ್ರಿ ನಂಬಿಯಾನು? 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಡೆರೆಕ್ ಬರ್ಚಾಲ್ ಮತ್ತು ಸಂಗಡಿಗರು ಅದನ್ನು ಮಾಡಿಯೇ ತೋರಿಸಿದರು. ಎಳೆದರೆ ಹಿಗ್ಗುತ್ತಿತ್ತು, ಬಿಟ್ಟರೆ ಮೊದಲಿನಂತಾಗುತ್ತಿತ್ತು!

ಕಟ್ಟಡದ ಗಾರೆಗೆ ಏನಾದರೂ ಬೆರೆಸುವ ಚಾಳಿ ಬಹಳ ಹಳೆಯದು. ಚೀನಾದವರು ಸುಣ್ಣಕ್ಕೆ ಅಂಟಕ್ಕಿಯ ಗಂಜಿ ಹಾಕಿದರು. ನಮ್ಮವರು ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿದರು. ಕನ್ನಂಬಾಡಿ ಅಣೆಕಟ್ಟೆ ನಿಂತಿರುವುದು ಸುಣ್ಣ, ಇಟ್ಟಿಗೆಪುಡಿಯ ಸುರ್ಕಿ ಗಾರೆಯ ಮೇಲೆ. 1824ರಲ್ಲಿ ಲೀಡ್ಸ್‌ನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಸುಮಾರು ನೂರು ವರ್ಷದ ನಂತರ ರಬ್ಬರ್ ಹಾಲನ್ನು ಸಿಮೆಂಟಿಗೆ ಸೇರಿಸುವ ಪೇಟೆಂಟುಗಳು ಬಂದವು.

ಬರ್ಚಾಲ್ ಬೆನ್ನು ಹತ್ತಿದ್ದು ಸಿಮೆಂಟಿನೊಳಗಿನ ರಂಧ್ರಗಳನ್ನು. ಗಟ್ಟಿಯಾಗುವ ರಾಸಾಯನಿಕ ಕ್ರಿಯೆಗೆ ಸಿಮೆಂಟಿನ ತೂಕದ ಸುಮಾರು ಕಾಲುಭಾಗ ನೀರು ಸಾಕು. ಕಲಸಲು ಸುಲಭವಾಗಲೆಂದು ನಾವು ಸುರಿಯುವ ಹೆಚ್ಚಿನ ನೀರು ಆರಿದ ಜಾಗವೆಲ್ಲ ಪೊಳ್ಳು. ಬಿರುಕು ಹುಟ್ಟುವುದು ದೊಡ್ಡ ರಂಧ್ರಗಳಲ್ಲೇ. ಅವರು ನೀರನ್ನು ತೀರಾ ಕಡಿಮೆ ಮಾಡಿ, ನೀರಿನಲ್ಲಿ ಕರಗುವ ಪಾಲಿಮರ್ ಸೇರಿಸಿ, ಚಪಾತಿ ಹಿಟ್ಟಿನಂತೆ ನಾದಿ, ಉರುಳೆಗಳ ನಡುವೆ ಒತ್ತಿದರು. ಬಾಗಿಸಿದಾಗ ತಾಳುವ ಶಕ್ತಿ ಸುಮಾರು ಹತ್ತು ಪಟ್ಟಾಯಿತು.

ಆದರೆ ಬಲ ಕೊಟ್ಟ ಪಾಲಿಮರೇ ತೇವ ಹೀರಿ ಉಬ್ಬತೊಡಗಿತು. ಒದ್ದೆಯಾದರೆ ಶಕ್ತಿ ಕುಂದುವ ಸಿಮೆಂಟನ್ನು ಮಳೆಗೆ ಒಡ್ಡುವವರಾರು? ಅಂಥ ಅದ್ಭುತ ವಸ್ತು ವ್ಯಾಪಕ ಬಳಕೆಗೆ ಬರಲೇ ಇಲ್ಲ. ಇಂದಿಗೂ ನೆನೆದರೆ ಹೊಟ್ಟೆ ಉರಿಯುವ ಸಂಗತಿ ಅದು.

ಗೆದ್ದದ್ದು ಸದ್ದಿಲ್ಲದ ಪುಡಿಗಳು. ಫೆರೋಸಿಲಿಕಾನ್ ಕುಲುಮೆಗಳ ಹೊಗೆಯಲ್ಲಿ ಹಾರಿಹೋಗುತ್ತಿದ್ದ ಸಿಲಿಕಾ ಧೂಳನ್ನು ನಾರ್ವೆಯವರು 1950ರ ದಶಕದಲ್ಲೇ ಕಾಂಕ್ರೀಟಿಗೆ ಬೆರೆಸಿ ಪರೀಕ್ಷಿಸಿದರು. ಅದರ ಕಣ ಸಿಮೆಂಟ್ ಕಣದ ಸುಮಾರು ನೂರನೇ ಒಂದರಷ್ಟು. ಸಂದುಗಳಲ್ಲಿ ಕೂರುತ್ತದೆ, ಸುಣ್ಣದೊಂದಿಗೆ ಕೂಡಿ ತಾನೂ ಅಂಟಾಗುತ್ತದೆ. ನ್ಯಾನೋ ಸಿಲಿಕಾ ಅದಕ್ಕಿಂತಲೂ ಸಣ್ಣದು. 2021ರಲ್ಲಿ ಇಂಗ್ಲೆಂಡಿನ ಏಮ್ಸ್‌ಬರಿಯ ಜಿಮ್ ಒಂದರ ನೆಲಕ್ಕೆ ಗ್ರಾಫೀನ್, ಅಂದರೆ ಇಂಗಾಲದ ಅತಿ ತೆಳು ಪದರ, ಬೆರೆತ ಕಾಂಕ್ರೀಟ್ ಹಾಕಿದರು. ಕಡಿಮೆ ಕಾಂಕ್ರೀಟಿನಲ್ಲೇ ಬೇಕಾದ ಬಲ ಬರಬೇಕೆಂಬುದು ಉದ್ದೇಶ. ಇಂಥ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಗಟ್ಟುತ್ತವೆ. ಸಮನಾಗಿ ಹರಡುವುದೇ ಕಷ್ಟದ ಕೆಲಸ.

ಪಾಲಿಮರ್‌ಗಳೂ ಪೂರ್ತಿ ಸೋಲಲಿಲ್ಲ. 1960ರ ದಶಕದಲ್ಲಿ ಜಪಾನ್, ಜರ್ಮನಿಗಳಲ್ಲಿ ಹುಟ್ಟಿದ ಸೂಪರ್ ಪ್ಲಾಸ್ಟಿಸೈಜರ್ ಸಿಮೆಂಟ್ ಕಣಗಳನ್ನು ಬಿಡಿಬಿಡಿಯಾಗಿಸಿ, ಸ್ವಲ್ಪ ನೀರಿನಲ್ಲೇ ಕಾಂಕ್ರೀಟ್ ಹರಿಯುವಂತೆ ಮಾಡುತ್ತದೆ. ನಮ್ಮ ಊರುಗಳಿಗೆ ಬರುವ ರೆಡಿಮಿಕ್ಸ್ ಲಾರಿಗಳಲ್ಲೂ ಇಂಥ ರಾಸಾಯನಿಕ ಇರುತ್ತದೆ.

ಆದ್ದರಿಂದ ಕೇಳುಗರೇ, ತಾರಸಿ ಹಾಕಿಸುವ ದಿನ ಹತ್ತಿರವೇ ನಿಲ್ಲಿ. ಮಾಲು ಗಟ್ಟಿಯಾಯಿತೆಂದು ಯಾರಾದರೂ ಪೈಪು ಹಿಡಿದು ನೀರು ಬಿಡಲು ಬಂದರೆ, ದಯವಿಟ್ಟು ಬಿಡಬೇಡಿ.