ಬದಲಾದವರು ಯಾರು? ಬಹುಪಕ್ಷ ಚುನಾವಣೆ ಮತ್ತು ಮತದಾರನ ಒಲವು
(ಸಂಘದ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



2024ರ ಜೂನ್ 4ರ ಸಂಜೆ, ಲೋಕಸಭಾ ಚುನಾವಣೆಯ ಫಲಿತಾಂಶ ಹೊರಬಿದ್ದ ಹೊತ್ತಿನಲ್ಲಿ, ನಾವು ಕೆಲವರು ಇದೇ ಸಂಘದ ವಾಚನಾಲಯದಲ್ಲಿ ಸೇರಿದ್ದೆವು. ಮಹಾರಾಷ್ಟ್ರದ 48 ಸ್ಥಾನಗಳಲ್ಲಿ 30 ಮಹಾವಿಕಾಸ ಅಘಾಡಿಗೂ 17 ಮಹಾಯುತಿಗೂ ಒಂದು ಪಕ್ಷೇತರರಿಗೂ ಸಂದಿದ್ದವು. "ಜನ ತಿರುಗಿಬಿದ್ದರು" ಎಂದು ಹಿರಿಯರೊಬ್ಬರು ತೀರ್ಪು ನೀಡಿದರು. ಅದೇ ವರ್ಷದ ನವೆಂಬರ್ 23ರಂದು ವಿಧಾನಸಭೆಯ ಎಣಿಕೆ ಮುಗಿದಾಗ ಮಹಾಯುತಿ 288ರಲ್ಲಿ 230ಕ್ಕೂ ಹೆಚ್ಚು ಸ್ಥಾನಗಳನ್ನು ಗಳಿಸಿತ್ತು. ಅದೇ ಹಿರಿಯರು ಅದೇ ಕುರ್ಚಿಯಲ್ಲಿ ಕುಳಿತು, "ಈ ಜನವನ್ನು ನಂಬುವ ಹಾಗಿಲ್ಲ ಸ್ವಾಮಿ" ಎಂದರು. ನಾವೆಲ್ಲರೂ ನಕ್ಕೆವು, ನಕ್ಕವರಲ್ಲಿ ನಾನೂ ಒಬ್ಬ. ಆದರೆ ಆ ಮಾತು ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಐದೂವರೆ ತಿಂಗಳಲ್ಲಿ ನಿಜಕ್ಕೂ ಬದಲಾದವರು ಯಾರು? ಇಂದಿನ ನನ್ನ ಭಾಷಣ ಆ ಒಂದು ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಾನು ಕೇಂದ್ರ ಸರ್ಕಾರದ ನೌಕರ. ಯಾವ ಪಕ್ಷ ಗೆಲ್ಲಬೇಕಿತ್ತು, ಯಾವುದು ಸೋಲಬೇಕಿತ್ತು ಎಂಬುದನ್ನು ಈ ವೇದಿಕೆಯಿಂದ ಹೇಳುವ ಅಧಿಕಾರವೂ ನನಗಿಲ್ಲ, ಅಪೇಕ್ಷೆಯೂ ಇಲ್ಲ. ಅಂಕಿಗಳು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬಷ್ಟಕ್ಕೆ ನನ್ನ ಮಾತು ಸೀಮಿತ.

ನಮ್ಮ ಚುನಾವಣಾ ಪದ್ಧತಿಯಲ್ಲಿ ಒಂದು ಕ್ಷೇತ್ರದಲ್ಲಿ ಉಳಿದವರಿಗಿಂತ ಒಂದು ಮತ ಹೆಚ್ಚು ಪಡೆದವನು ಗೆಲ್ಲುತ್ತಾನೆ. ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ನಿಯಮವಿಲ್ಲ. ನೂರು ಮತದಾರರಿರುವ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳಿ. ಮೂವರು ಅಭ್ಯರ್ಥಿಗಳಿಗೆ ಕ್ರಮವಾಗಿ 40, 35, 25 ಮತಗಳು ಬಂದರೆ 40 ಪಡೆದವನು ಗೆದ್ದ. ಮುಂದಿನ ಸಲ ಎರಡನೆಯವನೂ ಮೂರನೆಯವನೂ ಕೈಜೋಡಿಸಿ ಒಬ್ಬನನ್ನೇ ನಿಲ್ಲಿಸಿದರು ಎನ್ನೋಣ. ಮೊದಲನೆಯವನಿಗೆ ಈ ಸಲ 42 ಬಂತು, ಎದುರಾಳಿಗೆ 58. ಗೆದ್ದವನ ಮತ ಎರಡು ಹೆಚ್ಚಾಯಿತು, ಆದರೂ ಅವನು ಸೋತ. ಹೊರಗಿನಿಂದ ನೋಡಿದವರು "ಹಳ್ಳಿಯವರು ಅವನ ಕೈಬಿಟ್ಟರು" ಎನ್ನುತ್ತಾರೆ. ಕೈಬಿಟ್ಟವರು ಯಾರೂ ಇಲ್ಲ. ಪ್ರಣಯ್ ರಾಯ್, ಡೇವಿಡ್ ಬಟ್ಲರ್, ಅಶೋಕ್ ಲಾಹಿರಿ ಎಂಬ ಮೂವರು ವಿದ್ವಾಂಸರು 1980ರ ದಶಕದಲ್ಲಿ 'ವಿರೋಧಿ ಐಕ್ಯ ಸೂಚ್ಯಂಕ'ವನ್ನು ಬಳಕೆಗೆ ತಂದದ್ದು ಈ ಕಾರಣಕ್ಕಾಗಿಯೇ. ಭಾರತದ ಫಲಿತಾಂಶಗಳನ್ನು ತಿಳಿಯಲು ಮತದಾರರ ಒಲವು ಎಷ್ಟು ಸರಿಯಿತು ಎಂದು ಕೇಳಿದರೆ ಸಾಲದು, ಎದುರು ಪಕ್ಷಗಳು ಎಷ್ಟರಮಟ್ಟಿಗೆ ಒಂದಾದವು ಎಂದೂ ಕೇಳಬೇಕು ಎಂಬುದು ಅವರ ನಿಲುವು.

ಇದು ಕೇವಲ ಕಲ್ಪನೆಯ ಹಳ್ಳಿಯ ಲೆಕ್ಕವಲ್ಲ. 1998ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಶೇಕಡಾ 25.8 ಮತಗಳೂ 141 ಸ್ಥಾನಗಳೂ ದೊರೆತಿದ್ದವು. 1999ರಲ್ಲಿ ಅದರ ಮತ ಶೇ. 28.3ಕ್ಕೆ ಏರಿತು, ಸ್ಥಾನ 114ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಭಾರತೀಯ ಜನತಾ ಪಕ್ಷದ ಮತ ಶೇ. 25.6ರಿಂದ 23.8ಕ್ಕೆ ಇಳಿದರೂ ಸ್ಥಾನಗಳು ಮಾತ್ರ 182ರಲ್ಲೇ ನಿಂತವು. ಆ ಪಕ್ಷ ಮಿತ್ರಪಕ್ಷಗಳಿಗೆ ಜಾಗ ಬಿಟ್ಟುಕೊಟ್ಟು, 388ರ ಬದಲು 339 ಕ್ಷೇತ್ರಗಳಲ್ಲಷ್ಟೇ ಸ್ಪರ್ಧಿಸಿತ್ತು. 2014ರಲ್ಲಿ ಬಹುಜನ ಸಮಾಜ ಪಕ್ಷ ದೇಶದಾದ್ಯಂತ ಶೇ. 4ಕ್ಕೂ ಹೆಚ್ಚು ಮತ ಗಳಿಸಿ ಮೂರನೆಯ ಸ್ಥಾನದಲ್ಲಿತ್ತು. ಅದಕ್ಕೆ ದೊರೆತ ಸ್ಥಾನ ಸೊನ್ನೆ. ಅದಕ್ಕಿಂತ ಕಡಿಮೆ ಮತ ಪಡೆದ ಅಣ್ಣಾ ಡಿಎಂಕೆಗೆ 37, ತೃಣಮೂಲ ಕಾಂಗ್ರೆಸ್ಸಿಗೆ 34. ಒಂದರ ಮತ ಹರಡಿಹೋಗಿತ್ತು, ಉಳಿದವುಗಳದು ಒಂದೊಂದು ರಾಜ್ಯದಲ್ಲಿ ಗುಡ್ಡೆಬಿದ್ದಿತ್ತು. ಇನ್ನು 2019ರಿಂದ 2024ಕ್ಕೆ ಬಂದರೆ, ಭಾಜಪದ ಮತಪ್ರಮಾಣ ಇಳಿದದ್ದು ಶೇಕಡಾ ಒಂದಕ್ಕಿಂತಲೂ ಕಡಿಮೆ. ಸ್ಥಾನ ಇಳಿದದ್ದು 303ರಿಂದ 240ಕ್ಕೆ. ಮಹಾರಾಷ್ಟ್ರದಲ್ಲಿಯೂ ಅಷ್ಟೇ. 30ಕ್ಕೆ 17 ಎಂಬ ಆ ಅಂತರದ ಹಿಂದೆ ಎರಡೂ ಕೂಟಗಳ ಮತಪ್ರಮಾಣ ಸರಿಸುಮಾರು ಸಮವಾಗಿತ್ತು. ಜೂನ್‌ನಲ್ಲಿ ನಮ್ಮ ಹಿರಿಯರು ಕಂಡ 'ತಿರುಗಿಬಿದ್ದ ಜನ' ವಾಸ್ತವದಲ್ಲಿ ಎರಡು ಸಮಪಾಲಾಗಿ ನಿಂತಿದ್ದ ಜನ.

ಹಾಗಾದರೆ ಮತದಾರ ಬದಲಾಗುವುದೇ ಇಲ್ಲವೆ? ಖಂಡಿತ ಬದಲಾಗುತ್ತಾನೆ. ಆದರೆ 'ಬದಲಾವಣೆ' ಎಂಬ ಒಂದೇ ಪದದಲ್ಲಿ ನಾಲ್ಕು ಬೇರೆಬೇರೆ ಸಂಗತಿಗಳು ಅಡಗಿವೆ. ಒಂದು, ಕಳೆದ ಸಲ ಒಬ್ಬರಿಗೆ ಹಾಕಿದವನು ಈ ಸಲ ಇನ್ನೊಬ್ಬರಿಗೆ ಹಾಕುವುದು. ಎರಡು, ಕಳೆದ ಸಲ ಬಂದವನು ಈ ಸಲ ಮನೆಯಲ್ಲಿ ಉಳಿಯುವುದು, ಇಲ್ಲವೆ ಮನೆಯಲ್ಲಿ ಉಳಿದಿದ್ದವನು ಈ ಸಲ ಮತಗಟ್ಟೆಗೆ ಬರುವುದು. ಮಹಾರಾಷ್ಟ್ರದಲ್ಲಿ ಲೋಕಸಭೆಗೆ ಶೇ. 61ರ ಆಸುಪಾಸಿನಲ್ಲಿದ್ದ ಮತದಾನ ಆರು ತಿಂಗಳಲ್ಲಿ 66ರ ಆಸುಪಾಸಿಗೆ ಏರಿತು. ಎರಡು ಫಲಿತಾಂಶಗಳನ್ನು ಬರೆದವರು ಪೂರ್ತಿ ಅದೇ ಜನವಲ್ಲ. ಮೂರು, ಪಟ್ಟಿಯೇ ಬದಲಾಗುವುದು: ಹಳಬರು ತೀರಿಕೊಳ್ಳುತ್ತಾರೆ, ಹೊಸಬರು ಸೇರುತ್ತಾರೆ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದ ಮೇಲೆ ನಡೆದ ಮೊದಲ ಲೋಕಸಭಾ ಚುನಾವಣೆ 1989ರದು. ಒಮ್ಮೆಲೇ ಒಂದು ಪೀಳಿಗೆ ಒಳಬಂತು. ನಾಲ್ಕು, ನಾನಾಗಲೇ ಹೇಳಿದ ಮೈತ್ರಿ ಮತ್ತು ಒಡಕು: ಮತದಾರ ನಿಂತಲ್ಲೇ ನಿಂತಿರುತ್ತಾನೆ, ಪಕ್ಷಗಳು ಅವನ ಸುತ್ತ ಜಾಗ ಬದಲಿಸುತ್ತವೆ. ಈ ನಾಲ್ಕರಲ್ಲಿ ಮೊದಲನೆಯದನ್ನು ಮಾತ್ರ 'ಮನಸ್ಸು ಬದಲಾಯಿಸುವುದು' ಎನ್ನಬಹುದು. ಉಳಿದ ಮೂರನ್ನೂ ಸೇರಿಸಿ ನಾವು ಜನರ ಮೇಲೆ ಚಂಚಲತೆಯ ಆರೋಪ ಹೊರಿಸುತ್ತೇವೆ.

ಇನ್ನು ನಮ್ಮ ತವರುನಾಡಿನತ್ತ ನೋಡೋಣ. ಕರ್ನಾಟಕದ ಮತದಾರನಷ್ಟು ಪಂಡಿತರನ್ನು ಗೊಂದಲಕ್ಕೆ ಕೆಡವಿದವರು ಕಡಿಮೆ. 1984ರ ಡಿಸೆಂಬರ್‌ನಲ್ಲಿ ಅವನು 28 ಲೋಕಸಭಾ ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟ. ಅದನ್ನು ತನ್ನ ಸೋಲೆಂದು ಒಪ್ಪಿ ರಾಜೀನಾಮೆಯಿತ್ತು ಹೊಸ ಜನಾದೇಶ ಕೇಳಿದ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ, ಮೂರು ತಿಂಗಳೊಳಗೆ, 1985ರ ಮಾರ್ಚ್‌ನಲ್ಲಿ, 224ರಲ್ಲಿ 139 ಸ್ಥಾನ ಕೊಟ್ಟ. 1989ರಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಕೆಳಗಿಳಿಸಿ, ಆ ಪಕ್ಷ ದೇಶದಲ್ಲಿ 197 ಸ್ಥಾನಗಳಿಗೆ ಕುಸಿದಾಗ ಕರ್ನಾಟಕ 28ರಲ್ಲಿ 27ನ್ನು ಅದಕ್ಕೇ ಕೊಟ್ಟಿತು. ಜೊತೆಯಲ್ಲೇ ನಡೆದ ವಿಧಾನಸಭೆಯಲ್ಲಿ 178ನ್ನೂ ಕೊಟ್ಟಿತು. ದಿಲ್ಲಿಯಲ್ಲಿ ಆಡಳಿತ ಪಕ್ಷದ ಮೇಲೆ ಸಿಟ್ಟು, ಬೆಂಗಳೂರಿನಲ್ಲಿ ಜನತಾದಳದ ಒಳಜಗಳದ ಮೇಲೆ ಸಿಟ್ಟು. ಎರಡೂ ಸಿಟ್ಟೇ, ಗುರಿ ಬೇರೆ.

2023ರ ಮೇ ಮತ್ತು 2024ರ ಫಲಿತಾಂಶಗಳನ್ನು ಜೊತೆಗಿಟ್ಟು ನೋಡಿ. ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 135 ಸ್ಥಾನ ಕೊಟ್ಟ ರಾಜ್ಯ, ಒಂದು ವರ್ಷದಲ್ಲಿ ಅದಕ್ಕೆ 28ರಲ್ಲಿ 9 ಲೋಕಸಭಾ ಸ್ಥಾನಗಳನ್ನಷ್ಟೇ ಕೊಟ್ಟಿತು. ಜನ ಕೈಕೊಟ್ಟರು ಎಂದೇ ಎಲ್ಲರ ಮಾತು. ಆದರೆ ಮತಪ್ರಮಾಣ? ಅದು ಶೇ. 43ರ ಹತ್ತಿರದಿಂದ 45ನ್ನು ದಾಟಿತ್ತು! ಕಾಂಗ್ರೆಸ್ಸಿನ ಮತ ಹೆಚ್ಚಿತ್ತು. ಅತ್ತ 2023ರಲ್ಲಿ ಬೇರೆಬೇರೆಯಾಗಿ ಸ್ಪರ್ಧಿಸಿದ್ದ ಭಾಜಪ ಮತ್ತು ಜಾತ್ಯತೀತ ಜನತಾದಳ ಈ ಸಲ ಒಂದಾಗಿ, ಕ್ರಮವಾಗಿ 17 ಮತ್ತು 2 ಸ್ಥಾನ ಪಡೆದವು. ಕಲ್ಪನೆಯ ಹಳ್ಳಿಯ 42 ಮತ್ತು 58ರ ಲೆಕ್ಕ ಇಲ್ಲಿ ಒಂದು ಇಡೀ ರಾಜ್ಯದಲ್ಲಿ ನಡೆದುಹೋಗಿತ್ತು.

ಬಂಧುಗಳೆ, ಕೇಂದ್ರ ಸರ್ಕಾರದ ನೌಕರರನ್ನು ಚುನಾವಣೆಯಲ್ಲಿ ಸೂಕ್ಷ್ಮ ವೀಕ್ಷಕರನ್ನಾಗಿ ನೇಮಿಸುವುದುಂಟು. ಆ ಕೆಲಸದ ಮೇಲೆ ನಾನು ಎಣಿಕೆ ಮೇಜಿನ ಬಳಿ ಕುಳಿತಿದ್ದೇನೆ. ಮತಯಂತ್ರದ ಮೊಹರು ಪರೀಕ್ಷಿಸಿ ಗುಂಡಿ ಒತ್ತಿದೊಡನೆ ಒಂದು ಮತಗಟ್ಟೆಯ ಇಡೀ ದಿನದ ನಿರ್ಧಾರ ಕೆಲವೇ ಕ್ಷಣಗಳಲ್ಲಿ ಅಂಕಿಗಳಾಗಿ ಸರಿದುಹೋಗುತ್ತದೆ. ಬಿಸಿಲಲ್ಲಿ ಸಾಲು ನಿಂತ ಮುದುಕಿ, ಪಾಳಿ ಮುಗಿಸಿ ಓಡಿಬಂದ ಕಾರ್ಮಿಕ, ಮೊದಲ ಸಲ ಬೆರಳಿಗೆ ಮಸಿ ಹಾಕಿಸಿಕೊಂಡ ಹುಡುಗಿ, ಯಾರ ಗುರುತೂ ಅಲ್ಲಿಲ್ಲ. ಮೊತ್ತ ಮಾತ್ರ ಇದೆ. ಯಾರು ಎಲ್ಲಿಂದ ಎಲ್ಲಿಗೆ ಸರಿದರು ಎಂದು ಆ ಮೊತ್ತ ಹೇಳಲಾರದು. ಹೇಳಬಾರದೆಂದೇ ಕಾನೂನು ಮತದ ಗೋಪ್ಯತೆಯನ್ನು ಕಾಯುತ್ತದೆ. ದಿಲ್ಲಿಯ ವಿಕಾಸಶೀಲ ಸಮಾಜಗಳ ಅಧ್ಯಯನ ಕೇಂದ್ರದಂಥ ಸಂಸ್ಥೆಗಳು 1960ರ ದಶಕದಿಂದ ಮತದಾರರನ್ನೇ ಕೇಳಿ ತಿಳಿಯಲು ಶ್ರಮಿಸಿವೆ. ಅದು ಅಧ್ಯಯನ. ಆದರೆ ಎಣಿಕೆಯ ಮಧ್ಯಾಹ್ನವೇ "ಆ ಜಾತಿಯವರು ಕೈಕೊಟ್ಟರು, ಈ ಕೇರಿಯವರು ಮಾರಿಕೊಂಡರು" ಎಂದು ಸಾರುವುದು ಅಧ್ಯಯನವಲ್ಲ, ಚಾಡಿ. ಅದರಲ್ಲಿ ಅಪಾಯವೂ ಇದೆ. ಮತಪತ್ರಗಳ ಕಾಲದಲ್ಲಿ ಬೇರೆಬೇರೆ ಮತಗಟ್ಟೆಗಳ ಮತಪತ್ರಗಳನ್ನು ಬೆರೆಸಿ ಎಣಿಸುವ ವ್ಯವಸ್ಥೆ ಇತ್ತು. ಯಂತ್ರ ಬಂದ ಮೇಲೆ ಪ್ರತಿ ಮತಗಟ್ಟೆಯ ಲೆಕ್ಕ ಬಯಲಾಗುತ್ತದೆ. ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸುವ ಟೋಟಲೈಸರ್ ಸಾಧನವನ್ನು ಚುನಾವಣಾ ಆಯೋಗ ಪ್ರಸ್ತಾವಿಸಿತಾದರೂ ಅದು ಬಳಕೆಗೆ ಬರಲಿಲ್ಲ. ಆದ್ದರಿಂದ 'ಬದಲಾದ' ಕೇರಿಯ ನಲ್ಲಿಗೆ ನೀರು ತಡವಾಗಿ ಬಂದೀತೆಂಬ ಭಯ ಆ ಕೇರಿಯವರಿಗೆ ಇದ್ದರೆ, ಅದು ಆಧಾರವಿಲ್ಲದ ಭಯವೆಂದು ನಾನು ಹೇಳಲಾರೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಒಂದು ತಪ್ಪನ್ನೂ ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ನಾನು ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಸೀಮೆಯವನು. 2004ರ ಏಪ್ರಿಲ್‌ನಲ್ಲಿ ಕರ್ನಾಟಕದಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆಯಿತು. ಆಗ ನಾನು ಮುಂಬಯಿಗೆ ಬಂದು ಕೆಲವು ವರ್ಷಗಳಾಗಿದ್ದವು. ಆದರೆ ನನ್ನ ಹೆಸರು ಊರಿನ ಪಟ್ಟಿಯಲ್ಲೇ ಇತ್ತು. ಅವ್ವ ದೂರವಾಣಿಯಲ್ಲಿ, "ಓಟಿಗೆ ಬಂದೀಯಾ ಮಗ?" ಎಂದು ಕೇಳಿದಳು. ರಜೆ ಇಲ್ಲ, ರೈಲಿನಲ್ಲಿ ಜಾಗವಿಲ್ಲ, ಒಂದು ಓಟಿನಿಂದ ಆಗುವುದೇನು ಎಂದೆ. ಸಂತೇಮರಹಳ್ಳಿ ಕ್ಷೇತ್ರದ ಫಲಿತಾಂಶ ಬಂತು: ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಆ ರಾತ್ರಿ ಅಪ್ಪ ದೂರವಾಣಿ ಮಾಡಿ ಹೇಳಿದ್ದು ಒಂದೇ ಮಾತು: "ಒಂದೇ ಓಟಂತೆ ಕಣಪ್ಪ."

ನಾನು ಹೋಗಿದ್ದರೆ ಯಾರಿಗೆ ಹಾಕುತ್ತಿದ್ದೆ ಎಂಬುದು ಇಲ್ಲಿ ಅಪ್ರಸ್ತುತ. ಹೋಗದೇ ಇದ್ದುದು ಒಂದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ನನ್ನ ಹೆಸರು ಇನ್ನೂ ಅಲ್ಲಿದ್ದುದು. 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಪ್ರಕಾರ ನಾವು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತೇವೆಯೋ ಅಲ್ಲಿಯ ಪಟ್ಟಿಯಲ್ಲಿ ನಮ್ಮ ಹೆಸರಿರಬೇಕು. ಎರಡು ಕಡೆ ಇರುವಂತಿಲ್ಲ. ಊರಿನ ಮೇಲಿನ ಮೋಹದಿಂದ ಹೆಸರನ್ನು ಅಲ್ಲೇ ಬಿಟ್ಟೆ; ಊರಿನ ಕೆಲಸಕ್ಕೆ ಮಾತ್ರ ಹೋಗಲಿಲ್ಲ. ಇಲ್ಲಿ ನೀರು ಕುಡಿದೆ, ಇಲ್ಲಿಯ ರೈಲು ಹತ್ತಿದೆ, ಇಲ್ಲಿಯ ಕಾರ್ಪೊರೇಟರನ್ನು ಬೈದೆ. ಇಲ್ಲಿಯೂ ಮತ ಹಾಕಲಿಲ್ಲ. ಎರಡು ಕಡೆಯ ಫಲಿತಾಂಶವನ್ನೂ ವಾಚನಾಲಯದಲ್ಲಿ ಕುಳಿತು ವಿಮರ್ಶಿಸಿದೆ. ಅಂಥವನು ಮತದಾರನನ್ನು ಚಂಚಲನೆಂದು ಕರೆದರೆ ಅದಕ್ಕೇನು ಬೆಲೆ? 2005ರಲ್ಲಿ ನನ್ನ ಹೆಸರನ್ನು ಇಲ್ಲಿಯ ಪಟ್ಟಿಗೆ ಬದಲಿಸಿಕೊಂಡೆ. ಸಂತೇಮರಹಳ್ಳಿ ಕ್ಷೇತ್ರ 2008ರ ಪುನರ್ವಿಂಗಡಣೆಯಲ್ಲಿ ಇಲ್ಲವಾಯಿತು. ಅಂದು ಒಂದು ಮತದಿಂದ ಗೆದ್ದ ಧ್ರುವನಾರಾಯಣ ಅವರು 2019ರಲ್ಲಿ ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ 1,817 ಮತಗಳಿಂದ ಸೋತರು, 2023ರಲ್ಲಿ ತೀರಿಕೊಂಡರು. ಆ ಒಂದು ಓಟಿನ ಋಣ ಮಾತ್ರ ನನ್ನ ಲೆಕ್ಕದಲ್ಲಿ ಉಳಿದಿದೆ.

ಇದು ದೂರದ ಊರಿನ ಕಥೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಗೋರೆಗಾಂವ್, ಜೋಗೇಶ್ವರಿ, ಅಂಧೇರಿಗಳನ್ನು ಒಳಗೊಂಡ ಮುಂಬಯಿ ವಾಯವ್ಯ ಲೋಕಸಭಾ ಕ್ಷೇತ್ರದಲ್ಲಿ 2024ರ ಗೆಲುವಿನ ಅಂತರ 48 ಮತ. ಆ ಬಡಾವಣೆಗಳಲ್ಲಿ ಎಷ್ಟು ಕನ್ನಡ ಮನೆಗಳಿವೆ, ಎಷ್ಟು ಹೋಟೆಲುಗಳ ಅಡುಗೆಮನೆಯಲ್ಲಿ ನಮ್ಮ ಹುಡುಗರಿದ್ದಾರೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಅವರಲ್ಲಿ ಎಷ್ಟು ಜನರ ಹೆಸರು ಅಂದಿನ ನನ್ನ ಹೆಸರಿನಂತೆ ಊರಿನ ಪಟ್ಟಿಯಲ್ಲೇ ಉಳಿದಿದೆಯೋ, ಅಷ್ಟು ಜನ ಅಲ್ಲಿಯ ಲೆಕ್ಕಕ್ಕೂ ಇಲ್ಲ, ಇಲ್ಲಿಯ ಲೆಕ್ಕಕ್ಕೂ ಇಲ್ಲ.

ಮತದಾರ ಬದಲಾಗುವುದನ್ನು ದೋಷವೆಂದು ತಿಳಿಯುವ ನಮ್ಮ ಅಭ್ಯಾಸವನ್ನು ಬಿಡೋಣ. ಎಂದೂ ಬದಲಾಗದ ಮತದಾರನನ್ನು ಯಾವ ಪಕ್ಷವೂ ಓಲೈಸುವುದಿಲ್ಲ, ಯಾವ ಪಕ್ಷವೂ ಅವನಿಗೆ ಹೆದರುವುದಿಲ್ಲ. ನೂರರಲ್ಲಿ ಮೂರೋ ನಾಲ್ಕೋ ಮಂದಿ ತಮ್ಮ ಒಲವನ್ನು ಕೈಯಲ್ಲೇ ಇಟ್ಟುಕೊಂಡಿರುವುದರಿಂದ ಉಳಿದ ತೊಂಬತ್ತಾರು ಮಂದಿಯ ಮಾತಿಗೂ ಬೆಲೆ ಬಂದಿದೆ. 'ಊರಿಗೆ ಬಂದವಳು ನೀರಿಗೆ ಬಾರದಿರುವಳೇ' ಎಂದು ನಮ್ಮ ಗಾದೆ ಕೇಳುತ್ತದೆ. ಈ ಊರಿಗೆ ಬಂದ ನಾವು ಇಲ್ಲಿಯ ಮತಗಟ್ಟೆಗೂ ಬರಬೇಕಲ್ಲವೆ? ಪಟ್ಟಿಯಲ್ಲಿ ಹೆಸರು ಸೇರಿಸುವ ಅರ್ಜಿ ನಮೂನೆಗಳನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಹೋಟೆಲಿನ ಹುಡುಗರು ರಾತ್ರಿ ಪಾಳಿ ಮುಗಿಸಿ ಬಂದರೂ ಸರಿ, ಭಾನುವಾರಗಳಂದು ನಾನು ಇಲ್ಲಿಯೇ ಕುಳಿತಿರುತ್ತೇನೆ; ತುಂಬಿಸಿಕೊಡುತ್ತೇನೆ. ಯಾರಿಗೆ ಹಾಕುತ್ತೀರಿ ಎಂದು ಮಾತ್ರ ಕೇಳುವುದಿಲ್ಲ.